ಒಂದೊಂದೇ ಒಬ್ಬೆ

ಎಪಿಎಂಸಿಯ ಹಿಂಬದಿ ಕೋಣೆಯಲ್ಲಿ
ನಾನು, ಒಂದು ಹಳೇ ಕಂಪ್ಯೂಟರು,
ಹನ್ನೊಂದು ವರ್ಷದ ಮೆಕ್ಕೆಜೋಳ.

ಲಾಟ್ ನಂಬರು, ಚೀಲ, ತೂಕ, ತೇವಾಂಶ, ದರ,
ತಂದವರ ಊರು: ಆನಗೋಡು, ಮಾಯಕೊಂಡ, ಲೋಕಿಕೆರೆ.
ಹದಿನೇಳು ಲಕ್ಷದ ನಲವತ್ತೆರಡು ಸಾವಿರ ಸಾಲು.
'ಅಷ್ಟೂ ಎಕ್ಸೆಲ್‌ಗೆ ಹಾಕಿ ಇಡವ್ವ,
ನಾಳೆ ಹತ್ತಕ್ಕೆ ಆಡಿಟ್‌ನೋರು ಬರ್ತಾರೆ'
ಎಂದು ಕಾರ್ಯದರ್ಶಿ ತಿಪ್ಪೇರುದ್ರಪ್ಪ
ಸ್ಕೂಟರಿನ ಕೀಲಿ ಗಿರಗಿರ ತಿರುಗಿಸುತ್ತ ಹೋದರು,
ಒಂದು ಲೋಟ ನೀರು ಕೇಳಿದಷ್ಟು ಹಗುರಾಗಿ.

ನಾನೂ ಹಗುರಾಗಿಯೇ ಅಪ್ಪಣೆ ಕೊಟ್ಟೆ: ಎಲ್ಲವನ್ನೂ ತಾ.
ಫ್ಯಾನು ಗುಂಯ್ಯೆಂದಿತು. ಮೌಸಿನ ಬಾಣ ಕಲ್ಲಾಯಿತು.
ನಾಲ್ಕು ಜಿಬಿಯ ಹೊಟ್ಟೆಗೆ
ಹನ್ನೊಂದು ಸುಗ್ಗಿ ಒಮ್ಮೆಗೇ ನುಗ್ಗಿ
ಪರದೆ ಬೆಳ್ಳಗೆ ಬಿಳಿಚಿಕೊಂಡು, ಕೊನೆಗೆ ಎರಡೇ ಮಾತು:
ಮೆಮೊರಿ ಸಾಲದು.

ಎರಡನೇ ಸಲ ಬ್ರೌಸರು ಮುಚ್ಚಿದೆ, ಹಾಡು ನಿಲ್ಲಿಸಿದೆ.
ಮೂರನೇ ಸಲ ಗೋಡೆಚಿತ್ರದ ದೇವರನ್ನೂ ಇಳಿಸಿದೆ.
ಸಾಲದು.
ಸಾಲು ಹೆಚ್ಚಾಗಿ ಸಾಲದಾಗುವುದು
ಕನ್ನಡದಲ್ಲಿ ಮಾತ್ರ ನಗು ಬರುವ ಸಂಗತಿ.
ಆ ಹೊತ್ತಿಗೆ ನನಗೆ ಬರಲಿಲ್ಲ.

ಏಳೂವರೆಗೆ ಹಸಿವು. ದುಪಟ್ಟ ಮೂಗಿಗೆ ಹಿಡಿದು
ಹೊಗೆಯ ವಾಸನೆಯ ಜಾಡಿನಲ್ಲೇ
ಮಂಡಕ್ಕಿ ಬಟ್ಟಿಗಳ ಕಡೆ ನಡೆದೆ.

ಖೈರುನ್ನೀಸಾಬಿ ಒಲೆ ಮುಂದೆ. ಬಾಣಲೆಯಲ್ಲಿ ಕಾದ ಮರಳು.
ಪಕ್ಕದಲ್ಲಿ ಉಪ್ಪುನೀರು ಕುಡಿದ ಅಕ್ಕಿ, ಆಳೆತ್ತರದ ಗುಡ್ಡೆ.
ಅದರಿಂದ ಒಂದು ಡಬ್ಬಿ, ಒಂದೇ ಡಬ್ಬಿ, ಸುರಿದಳು.
ಚಟಪಟ ಚಟಪಟ. ಕಣ್ಣು ಮಿಟುಕಿಸುವಷ್ಟರಲ್ಲಿ ಅರಳಿ
ಬಾಣಲೆಯ ಅಂಚಿಗೆ ಬಂತು.
ಜರಡಿಗೆ ಎತ್ತಿದಳು. ಮರಳು ಕೆಳಕ್ಕೆ, ಮಂಡಕ್ಕಿ ಚೀಲಕ್ಕೆ,
ಮತ್ತೆ ಒಂದು ಡಬ್ಬಿ.

'ಅಷ್ಟೂ ಅಕ್ಕಿ ಇದೊಂದೇ ಬಾಣಲೇಲಾ?' ಅಂದೆ.
'ಮತ್ತೆ? ಊರಗಲದ ಬಾಣಲೆ ತರ್ಲಾ ನಿನ್ ಸಲುವಾಗಿ?
ಒಂದ್ ಒಬ್ಬೆ ತೆಗೀಬೇಕು, ಮರೀಬೇಕು.
ಹೋದ ಒಬ್ಬೇನ ನೆನಪಿಟ್ಕಂಡು ಕುಂತ್ರೆ
ಕೈಯಾಗಿಂದು ಸೀದೋಗ್ತೈತಿ.'
ಬಿಸಿಬಿಸಿ ಒಂದು ಬೊಗಸೆ ಕಾಗದಕ್ಕೆ ಹಾಕಿ
ಕಾಸು ಬೇಡವೆಂದು ತಲೆಯಾಡಿಸಿದಳು.

ತಿನ್ನುತ್ತಲೇ ವಾಪಸು ಬಂದು ಬರೆದೆ:
ಐದು ಸಾವಿರ ತಾ. ಹಾಳೆಗಿಳಿಸು. ಕೈ ಕೊಡವು.
ಕೊನೆಯ ಸಾಲಿನ ಸಂಖ್ಯೆಯೊಂದನ್ನು ಮಾತ್ರ
ಸೆರಗಿನ ತುದಿಗೆ ಗಂಟು ಹಾಕಿಕೋ.
ಅದರಾಚೆಯ ಐದು ಸಾವಿರ ತಾ.
ಹತ್ತು ಲಕ್ಷದ ಮೇಲೆ ಒಂದಿಷ್ಟಾದರೆ ಹಾಳೆ ಹಿಡಿಯುವುದಿಲ್ಲ,
ಚೀಲದ ಬಾಯಿ ಹೊಲಿ, ಇನ್ನೊಂದು ಬಿಚ್ಚು.

ಈ ಸಲ ಫ್ಯಾನು ದನಿ ಎತ್ತಲಿಲ್ಲ.
ತೇವಾಂಶ ಹದಿನೆಂಟರ ಕಾರ್ತೀಕ ಹೋಯಿತು,
ಹನ್ನೆರಡರ ಬೇಸಿಗೆ ಹೋಯಿತು.
ಬೀಗ ಬಿದ್ದ ಆ ವರ್ಷದ ಏಪ್ರಿಲ್ಲು
ಅರ್ಧ ಒಬ್ಬೆಗೇ ಮುಗಿಯಿತು.
ಒಂದೂವರೆ ಚೀಲ ತಂದಿದ್ದ ಹೆಸರೊಂದು ಕಣ್ಣಿಗೆ ಬಿತ್ತು;
ಅಯ್ಯೋ, ಒಂದೂವರೆಯೇ ಅನ್ನುವಷ್ಟರಲ್ಲಿ
ಜರಡಿ ದಾಟಿತ್ತು.
ಹನ್ನೆರಡು ಹೊಡೆಯುವ ಮುಂಚೆ
ಕಡತ ಮುಚ್ಚಿ, ಎಣಿಸಿ, ಎರಡು ಸಲ ಎಣಿಸಿ, ಮನೆಗೆ ಹೋದೆ.

ಬೆಳಗ್ಗೆ ಆಡಿಟರು ಪೆನ್‌ಡ್ರೈವ್ ಚುಚ್ಚಿ
ಟಕಟಕ ಒತ್ತಿದರು. ಅವರ ಲ್ಯಾಪ್‌ಟಾಪಿನ ಮುಖವೂ ಬೆಳ್ಳಗಾಯಿತು.
ಬಹಳ ಹೊತ್ತು ಕಾದರು. ಚಹಾ ಬಂತು, ಆರಿತು.
'ಇಷ್ಟೆಲ್ಲಾ ಯಾಕಮ್ಮಾ? ವರ್ಷಕ್ಕೊಂದು ಮೊತ್ತ ಸಾಕಿತ್ತು ನನಗೆ.
ಹನ್ನೊಂದು ಸಾಲು.'

ತಿಪ್ಪೇರುದ್ರಪ್ಪ ತಮ್ಮ ಕೀಲಿಗೊಂಚಲನ್ನು
ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು.

ಹನ್ನೊಂದು ಸಾಲು ಅರೆಗಳಿಗೆಯಲ್ಲಿ ಬಂತು.
ಕೀಬೋರ್ಡಿನ ಸಂದಿಯಲ್ಲಿ ನಿನ್ನೆಯ ಮಂಡಕ್ಕಿಯೊಂದು
ಮೆತ್ತಗಾಗಿ ಕೂತಿತ್ತು.
ಉಗುರಿನಿಂದ ಎಬ್ಬಿಸಿ ಬಾಯಿಗೆ ಹಾಕಿಕೊಂಡೆ.
ಉಪ್ಪು ಇನ್ನೂ ಇತ್ತು.