ಹಾಫ್ ಕ್ಲಚ್

ಇಂದ್ರಾಳಿ ಏರಿನ ನಡುವೆ, ಹಿಂದೆ ಬಸ್ಸು ಒರಲುತ್ತಿರುವಾಗ
ಆಸಿಯಮ್ಮ ಎಡಗಾಲು ಕಿತ್ತರು.
ಕಾರು ಒಮ್ಮೆ ಕುಪ್ಪಳಿಸಿ ಸತ್ತಿತು.
"ಕಚ್ಚಿತು ಮಾಸ್ಟ್ರೇ!"

ಕ್ಲಚ್ಚಿನ ಬುಡದಲ್ಲಿ ಇರುವೆ.
ಮ್ಯಾಟು ಎತ್ತಿದರೆ ಸಾಲು, ಸೀಟಿನಡಿ ಬಗ್ಗಿದರೆ ಊರು,
ಎಸಿ ಹಾಕಿದರೆ ಮುಖಕ್ಕೆ ಬಿಳಿ ಮೊಟ್ಟೆ.

ಬೀಡಿನಗುಡ್ಡೆ ಮೈದಾನದಲ್ಲಿ ನಾಲ್ಕೂ ಬಾಗಿಲು ತೆರೆದು
ಬಿಸಿಲಿಗಿಟ್ಟೆ. ಅರಸಿನ, ಕರ್ಪೂರ, ಸೀಮೆಎಣ್ಣೆ:
ಎಂಟು ಹೊಡೆಯಲು ಬಂದವರೆಲ್ಲ ಒಂದೊಂದು ಮದ್ದು ಹೇಳಿದರು.
ಇರುವೆಗಳು ಸ್ಟೆಪ್ನಿಯ ಕಡೆ ಬಿಡಾರ ಹೂಡಿ
ಸಂಜೆಗೆ ಮರಳಿದವು.

ಸೀಟು ಬಿಚ್ಚಿದ ಮೇಲೆ ತಿಳಿಯಿತು.
ಲೈಸೆನ್ಸ್ ಸಿಕ್ಕಿದವರು ಕೊಟ್ಟ ಪೇಡ,
ಹನ್ನೊಂದು ವರ್ಷದ ಪುಡಿ.
ಪಾಸಾದ ದಿನ ಅತ್ತೇಬಿಟ್ಟ ಅಲೆವೂರಿನ ನರ್ಸಮ್ಮ,
ಬಲೆ ಹೆಣೆಯುವ ದೂಮಪ್ಪಣ್ಣನ ಲಾಡು,
ಮದುವೆಗೆ ಮುಂಚೆ ಕಲಿಯಲೇಬೇಕೆಂದ ಪ್ರೆಸಿಲ್ಲಾಳ ಕೇಕು.
ನನಗೆ ಶುಗರು. ಬೇಡ ಅನ್ನಲು ಬಾಯಿ ಬಾರದೆ
ಅವರು ಆಚೆ ನೋಡುವಾಗ
ಸೀಟಿನ ಸಂದಿಗೆ ಸರಿಸುತ್ತಿದ್ದೆ.

"ಹಾಗಾದ್ರೆ ಇದ್ರಲ್ಲಿ ನನ್ನದು ಒಂದೂ ಇಲ್ಲ ಅಲ್ವಾ?"
ಎಂದರು ಆಸಿಯಮ್ಮ, ಮೂರು ಸಲ ಫೇಲಾದವರು.

ಗುಡಿಸಿದೆ. ಸಾಬೂನು ನೀರು ಹೊಡೆದೆ.
ರಾತ್ರಿ ಊಟಕ್ಕೆ ಕೂತಾಗಲೂ
ಅಂಗೈಯಲ್ಲಿ ಹುಳಿ ವಾಸನೆ.

ಇವತ್ತು ಮತ್ತೆ ಅದೇ ಏರು, ಇನ್ನೊಂದು ಬಸ್ಸು.
ಉಳಿದುಕೊಂಡ ಒಂದೇ ಒಂದು ಇರುವೆ
ಸ್ಟೇರಿಂಗ್ ಹಿಡಿದ ಅವರ ಬೆರಳುಗಳನ್ನು
ಒಂದೊಂದಾಗಿ ಹತ್ತಿ ಇಳಿಯುತ್ತಿತ್ತು.
ಕಾರು ಹಿಂದೆ ಜಾರಲಿಲ್ಲ, ಮುಂದೆ ಹೋಗಲಿಲ್ಲ,
ಹಾಫ್ ಕ್ಲಚ್ಚಿನಲ್ಲಿ ನಡುಗುತ್ತ ನಿಂತಿತು.
"ಇರಿ, ಅದು ದಾಟಲಿ," ಎಂದರು.

ಬಸ್ಸಿನವ ಬೈಯುತ್ತಲೇ ಇದ್ದ.