ಹೆಬ್ಬೆಟ್ಟು

ಹೊಗೆಸೊಪ್ಪಿನ ಅಂಟು ಸೋಪಿಗೆ ಹೋಗುವುದಿಲ್ಲ.
ಆ ಕೈಯನ್ನೇ ಮುಂದೆ ಮಾಡು ಅಂದರು ಪಟೇಲರು.
ಜಗುಲಿಯ ಮೇಲೆ ಇಂಕಿನ ಡಬ್ಬಿ,
ಕೊಣನೂರು ಠಾಣೆಯಲ್ಲಿ ಬರೆಸಿ ತಂದ ಹಾಳೆ.

‘ಏನು ಬರೆದೈತೆ ಬುದ್ಧಿ?’
‘ನಿನ್ನ ಮಗಳು ಬ್ಯಾರನ್ ಏಣಿಯಿಂದ ತಾನೇ ಬಿದ್ದಳು ಅಂತ.’

ಜವನಮ್ಮ ಏಣಿಯ ಕಡೆ ನೋಡಿದಳು.
ಏಣಿಗೆ ಬೆಲ್ಟಿನ ಬಕಲ್ ಇರುವುದಿಲ್ಲ.
ಮಾತಾಡದೆ ಒತ್ತಿದಳು.
ಮೂಡಿದ್ದು ಬರೀ ಕಪ್ಪು ಮುದ್ದೆ.
ಇನ್ನೊಮ್ಮೆ. ಮತ್ತೆ ಮುದ್ದೆ.
‘ಇಪ್ಪತ್ತು ವರ್ಷ ನಿಮ್ಮ ಸೊಪ್ಪು ಕಟ್ಟಿದ್ದು ಬುದ್ಧಿ,
ಗೆರೆಯೆಲ್ಲ ಕಡ್ಡಿಗೇ ಹೋದವು.’

ಸಾಕ್ಷಿಗೆ ಕರೆದರೆ ನಾವು ಒಂಬತ್ತು ಹೆಂಗಸರೂ
ಅಂಗೈ ತೋರಿಸಿದೆವು. ಒಬ್ಬಳಿಗೆ ನಗು ಬಂತು,
ಸೆರಗು ಕಚ್ಚಿಕೊಂಡಳು.

ಅವತ್ತು ಸೊಪ್ಪು ಬಣ್ಣ ಹಿಡಿಯುವ ರಾತ್ರಿ,
ಗಳಿಗೆಗೊಮ್ಮೆ ಸೌದೆ ಒಡ್ಡಬೇಕು.
ಸರತಿ ನನ್ನದು.
ನಾನು ಸುನಂದಿಯ ಬೆನ್ನಿಗೆ
ಕೊಬ್ಬರಿ ಎಣ್ಣೆ ಹಚ್ಚುತ್ತ ಕೂತೆ.
ಬಕಲಿನ ಅಚ್ಚು ಮಾತ್ರ
ಎಷ್ಟು ಚೆನ್ನಾಗಿ ಮೂಡಿತ್ತು, ನಾಲ್ಕು ಮೂಲೆಯೂ.

ಕೋಳಿ ಕೂಗುವ ಹೊತ್ತಿಗೆ ಪಟೇಲರ ಟಾರ್ಚು
ತಣ್ಣಗಾದ ಒಲೆಯ ಬಾಯಲ್ಲಿ ತಡಕಾಡುತ್ತಿತ್ತು.
ಇತ್ತ ಬಚ್ಚಲಲ್ಲಿ ಜವನಮ್ಮ,
ಹುಣಸೆಹುಳಿ, ಬೂದಿ, ಆಮೇಲೆ ಮರಳು,
ಹೆಬ್ಬೆಟ್ಟನ್ನು ಉಜ್ಜುತ್ತಲೇ ಇದ್ದಳು.
ಹಾಸನದ ಮೊದಲ ಬಸ್ಸು ಆರೂಕಾಲಿಗೆ.
ಅಷ್ಟರಲ್ಲಿ ಗೆರೆ ಕಾಣಬೇಕಿತ್ತು.