ಸಿಬ್ಬನ ನ

ಮೊದಲು ಎಲ್ಲ ನೀರು. ನೀರಿನ ನಡುವೆ
ಹಸುವೊಂದು ಗೊರಸು ನೆನೆಯದೆ ನಿಲ್ಲುವಷ್ಟು ದಿಬ್ಬ.
ಅದು ಸಿಬ್ಬನದು.
ಯಾವ ಸಿಬ್ಬ, ಯಾರ ಮಗ, ಹಾವುಮೀನು ಹಿಡಿದು ಬದುಕಿದನೋ
ಹಿಡಿದವರಿಂದ ಕಿತ್ತು ಬದುಕಿದನೋ, ಕೇಳಬೇಡಿ.
'ಸಿಬ್ಬನ್ ಈಯ್' ಎಂದರು ದೋಣಿಯವರು: ಸಿಬ್ಬನ ನಡುಗಡ್ಡೆ.
ಇಂಗ್ಲಿಷಿಗೂ ಆಗ ನಮ್ಮ ಹಾಗೇ ಒಂದು ನ ಇತ್ತು,
ಹೆಸರಿನ ಬಾಲಕ್ಕೆ ಗಂಟು ಹಾಕಿದರೆ
ನೆಲ ಅವನದಾಗುತ್ತಿತ್ತು.

ಗೆದ್ದ ದೊರೆಯ ಗುಮಾಸ್ತ ಬಂದ.
ನೇಗಿಲೆಷ್ಟು, ಹಂದಿಯೆಷ್ಟು, ವರ್ಷಕ್ಕೆ ಹಾವುಮೀನೆಷ್ಟು.
ಕಿವಿ ಫ್ರೆಂಚಿನದು, ಮೂಗು ಕಟ್ಟಿತ್ತು ಬೇರೆ.
ಸಿಬೆನೈ ಎಂದು ಬರೆದುಕೊಂಡ.
ಲೆಕ್ಕದಲ್ಲಿ ಮಾತ್ರ ಒಂದು ಮೀನೂ ತಪ್ಪಲಿಲ್ಲ.

ಮಠದ ಲಿಪಿಕಾರ ಇನ್ನೊಂದು ಬಿ ಇಟ್ಟ,
ಅವನ ಶಿಷ್ಯ ಕೊನೆಗೊಂದು ಇ, ಯಾರೂ ಉಚ್ಚರಿಸದ್ದು,
ಊಟಕ್ಕೆ ಬಾರದ ನೆಂಟನಿಗೂ ಎಲೆ ಹಾಕಿದಂತೆ.

೧೬೪೩ರ ಚಳಿಗಾಲ. ಚರ್ಚಿನ ಪುಸ್ತಕ.
ಟಾಮಸಿನ್ ಕ್ರೌಸನ್ನಳ ಮೂರು ಮಕ್ಕಳು, ಆರು ವಾರ,
ಒಂದೇ ಶಾಯಿ, ಒಬ್ಬನೇ ಪಾದ್ರಿ:
ದೊಡ್ಡವಳು ಸಿಬ್ಬೆನಿಯವಳು,
ನಡುವಿನವನು ಸಿಬ್‌ನೇಯವನು,
ಹಾಲು ಬಿಡದ ಕೂಸಿನ ಮುಂದೆ ಊರೇ ಇಲ್ಲ, ಬರೀ ಒಂದು ಚುಕ್ಕೆ.
ಟಾಮಸಿನ್‌ಗೆ ಓದು ಬಾರದು.
ಅವಳ ಬಾಯಲ್ಲಿ ಊರು ಒಂದೇ ಇತ್ತು.

ಡಚ್ಚರು ಕಾಲುವೆ ತೋಡಿದರು, ನೀರು ಹೋಯಿತು.
ನಡುಗಡ್ಡೆಯ ಸುತ್ತ ಈಗ ಕಣ್ಣು ಹಾಯುವಷ್ಟೂ ಸಕ್ಕರೆಗೆಡ್ಡೆ.
ರೈಲು ಬಂತು; ಹಲಗೆ ಸಾಲದೆ
ಪೇಂಟರ್ ಓಬಡಾಯ ಸ್ಟಬ್ ಆ ಇ-ಯನ್ನು ಕೈಬಿಟ್ಟ.
ಅವತ್ತಿನಿಂದ ಅದೇ ಶುದ್ಧ ರೂಪ.
ಯುದ್ಧ ಬಂತು; ಶತ್ರು ಇಳಿದರೆ ದಾರಿ ಸಿಗಬಾರದೆಂದು
ಹಲಗೆಯನ್ನೇ ಕಿತ್ತರು, ಯಾರೋ ಕೋಳಿಗೂಡಿಗೆ ಬಾಗಿಲು ಮಾಡಿಕೊಂಡರು.
ಕೋಳಿಗಳು ಸಿಬ್‌ನಿಯಲ್ಲೇ ಮೊಟ್ಟೆಯಿಟ್ಟವು.

ಊರವರು ಅನ್ನುವುದು ಸಿನ್ನಿ.
ಬಿ ಯಾವಾಗಲೋ ಜೌಗಿನಲ್ಲಿ ಮುಳುಗಿತು.
ಸಿಬ್ಬನ ಆಸ್ತಿ ಹೋಯಿತು, ಸಿಬ್ಬನೇ ಅರ್ಧ ಹೋದ,
ಷಷ್ಠೀ ವಿಭಕ್ತಿ ಉಳಿದಿದೆ.

ಗೆಡ್ಡೆ ಕೀಳಲು ಲಿಥುವೇನಿಯಾದಿಂದ ಬಂದ ಮಿಲ್ದಾ
ತಾಯಿಗೆ ಫೋನಿನಲ್ಲಿ ವಿಳಾಸ ಹೇಳಿದಳು, ಗಾಳಿ ಜೋರಿತ್ತು.
ತಾಯಿ ತನ್ನ ಭಾಷೆಯ ವಾಡಿಕೆಯಂತೆ ತುದಿಗೊಂದು ಸ್ ಸೇರಿಸಿ
ಸಿನ್ನಿಸ್ ಎಂದು ಬರೆದು, ಉಣ್ಣೆಯ ಕಾಲುಚೀಲ ಕಳಿಸಿದಳು.
ಅಂಚೆಯ ಗ್ಲೆಂಡಾ ಓದಿದಳು, ಹುಬ್ಬು ಗಂಟಿಕ್ಕಿದಳು,
"ನಮ್ಮದೇ," ಎಂದು ವ್ಯಾನು ತಿರುಗಿಸಿದಳು.